ಹಳೆ ಟಿವಿಯ ಪವರ್ ಸಪ್ಲೈ: ಬದಲಿ ಪಾರ್ಟ್ ಆರಿಸೋದು ಹೇಗೆ?

ಕೆಟ್ಟು ಮೂಲೆ ಸೇರಿದ ಪಿಕ್ಚರ್ ಟ್ಯೂಬ್ ಟಿವಿಗಳಲ್ಲಿ ಅನೇಕ ಸಲ ತೊಂದರೆ ಇರೋದು ಪವರ್ ಸಪ್ಲೈನಲ್ಲೇ. ಸುಟ್ಟ ಪಾರ್ಟ್ ಗುರುತಿಸೋದು ಅಷ್ಟು ಕಷ್ಟವಲ್ಲ. ಎಸ್.ಪಿ. ರಸ್ತೆಯೆಲ್ಲ ಸುತ್ತಿದರೂ ಅದೇ ನಂಬರಿನದು ಸಿಗದಿದ್ದಾಗ ನಿಜವಾದ ಕೆಲಸ ಶುರು. ಆಗ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಈ ಜಾಗದಲ್ಲಿ ಈ ಪಾರ್ಟ್ ಏನು ಕೆಲಸ ಮಾಡ್ತಿತ್ತು? ಡೇಟಾಶೀಟ್‌ನ ಯಾವ ಅಂಕಿ ನೋಡಬೇಕು ಅನ್ನೋದು ಅದರಿಂದಲೇ ಗೊತ್ತಾಗುತ್ತೆ.

ಮೊದಲು ಸುರಕ್ಷತೆ

230 ವೋಲ್ಟ್ ಎಸಿಯನ್ನು ರೆಕ್ಟಿಫೈ ಮಾಡಿದಾಗ ಮುಖ್ಯ ಕೆಪ್ಯಾಸಿಟರ್ ಮೇಲೆ ಸುಮಾರು 325 ವೋಲ್ಟ್ ಡಿಸಿ ನಿಲ್ಲುತ್ತೆ. 100 ಮೈಕ್ರೋಫ್ಯಾರಡ್ ಇದ್ದರೆ ಅದರಲ್ಲಿ 5 ಜೌಲ್‌ಗಿಂತ ಹೆಚ್ಚು ಶಕ್ತಿ. ಪ್ಲಗ್ ಕಿತ್ತರೂ ಅದು ಉಳಿದಿರಬಹುದು. 2.2 ಕಿಲೋ ಓಮ್, 10 ವ್ಯಾಟ್ ರೆಸಿಸ್ಟರ್ ಮೂಲಕ ಖಾಲಿ ಮಾಡಿ, ಮೀಟರ್‌ನಲ್ಲಿ ನೋಡಿದ ಮೇಲೇ ಕೈ ಹಾಕಿ. ಪ್ರೈಮರಿ ಕಡೆಯ ಗ್ರೌಂಡ್ ಕೂಡ ಮೇನ್ಸ್‌ಗೇ ಸೇರಿರುತ್ತೆ. ಲ್ಯಾಬಿನ ಆಸಿಲೋಸ್ಕೋಪ್‌ನ ಗ್ರೌಂಡ್ ಕ್ಲಿಪ್ ಅನ್ನು ನೇರವಾಗಿ ಅಲ್ಲಿ ಸಿಕ್ಕಿಸಲೇಬೇಡಿ. ಇದೆಲ್ಲ ಹೊಸದಾಗಿದ್ದರೆ ಅನುಭವ ಇರೋರು ಪಕ್ಕದಲ್ಲಿರಲಿ.

ಡಯೋಡ್: ವೇಗ ನೋಡಿ

1ಎನ್4007 ಡಯೋಡ್ 1000 ವೋಲ್ಟ್, 1 ಆಂಪಿಯರ್ ತಡೆಯುತ್ತೆ. ಯುಎಫ್4007 ಕೂಡ ಅಷ್ಟೇ. ಹಾಗಂತ ಎರಡೂ ಒಂದೇ ಅಲ್ಲ. ಮೇನ್ಸ್‌ನ 50 ಹರ್ಟ್ಸ್‌ಗೆ ಮೊದಲನೆಯದು ಸಾಕು. ಟ್ರಾನ್ಸ್‌ಫಾರ್ಮರ್‌ನ ಸೆಕೆಂಡರಿಯಲ್ಲಿ ಓಡೋದು ಹತ್ತಾರು ಕಿಲೋಹರ್ಟ್ಸ್. ಅಲ್ಲಿ ನಿಧಾನದ ಡಯೋಡ್ ಪ್ರತಿ ಸೈಕಲ್‌ನಲ್ಲೂ ತಡವಾಗಿ ಆಫ್ ಆಗಿ, ಹಿಮ್ಮುಖ ಕರೆಂಟ್ ಬಿಟ್ಟು, ಕಾದು ಸುಡುತ್ತೆ. ಯುಎಫ್4007 ಆಫ್ ಆಗೋಕೆ ಸುಮಾರು 75 ನ್ಯಾನೋಸೆಕೆಂಡ್ ಸಾಕು.

ಮಾಸ್‌ಫೆಟ್: ಆಂಪಿಯರ್‌ಗೆ ಮರುಳಾಗಬೇಡಿ

ಮೂಲದಲ್ಲಿ ಐಆರ್‌ಎಫ್‌ಬಿಸಿ40 ಇತ್ತು ಅಂದ್ಕೊಳ್ಳಿ: 600 ವೋಲ್ಟ್, 6.2 ಆಂಪಿಯರ್. ಕೈಯಲ್ಲಿರೋದು ಐಆರ್‌ಎಫ್840: 500 ವೋಲ್ಟ್, 8 ಆಂಪಿಯರ್. ಆಂಪಿಯರ್ ಜಾಸ್ತಿ ಇದೆಯಲ್ಲ, ನಡೆಯುತ್ತೆ ಅನ್ನಿಸಬಹುದು. ಆದರೆ ಮೇನ್ಸ್ 260 ವೋಲ್ಟ್‌ಗೆ ಏರಿದರೆ ಡಿಸಿ ಸುಮಾರು 368 ಆಗುತ್ತೆ. ಮಾಸ್‌ಫೆಟ್ ಆಫ್ ಆದಾಗ ಟ್ರಾನ್ಸ್‌ಫಾರ್ಮರ್ ಕಡೆಯಿಂದ ಹಿಂದಿರುಗುವ ವೋಲ್ಟೇಜ್ ಇದರ ಮೇಲೆ ಕೂರುತ್ತೆ, ಅದರ ಮೇಲೊಂದು ಚೂಪಾದ ಸ್ಪೈಕ್ ಬೇರೆ. 500 ದಾಟೋದು ಸುಲಭ. ವೋಲ್ಟೇಜ್ ಮೂಲದಷ್ಟು ಅಥವಾ ಹೆಚ್ಚು ಇರಲಿ, ಆನ್ ರೆಸಿಸ್ಟೆನ್ಸ್ ಮೂಲದಷ್ಟು ಅಥವಾ ಕಡಿಮೆ ಇರಲಿ. ಗೇಟ್ ಚಾರ್ಜ್ ತೀರಾ ಹೆಚ್ಚಿದ್ದರೂ ಬೇಡ.

ಪ್ಯಾಕೇಜನ್ನೂ ಹೋಲಿಸಿ. ಹಳೆಯದು ಪೂರ್ತಿ ಪ್ಲಾಸ್ಟಿಕ್ ಮೈಯದ್ದು, ಹೊಸದಕ್ಕೆ ಲೋಹದ ಬೆನ್ನು ಇದ್ದರೆ, ಮೈಕಾ ಹಾಳೆ ಮತ್ತು ಸ್ಕ್ರೂಗೆ ಇನ್ಸುಲೇಟಿಂಗ್ ಬುಷ್ ಬೇಕೇ ಬೇಕು. ಇಲ್ಲದಿದ್ದರೆ ಹೀಟ್‌ಸಿಂಕ್‌ಗೇ ಹೈ ವೋಲ್ಟೇಜ್ ಬರುತ್ತೆ.

ಎಲೆಕ್ಟ್ರೋಲಿಟಿಕ್: ಒಣಗಿದ ಚಿಕ್ಕವನು

ಯುಸಿ3842 ಐಸಿ ಸುಮಾರು 16 ವೋಲ್ಟ್‌ಗೆ ಶುರುವಾಗಿ 10ಕ್ಕೆ ಇಳಿದರೆ ನಿಲ್ಲುತ್ತೆ. ಅದಕ್ಕೆ ಸಪ್ಲೈ ಕೊಡೋ ಪುಟ್ಟ ಕೆಪ್ಯಾಸಿಟರ್ ಒಣಗಿದರೆ ಸೆಟ್ ಟಿಕ್ ಟಿಕ್ ಅಂತ ಶುರುವಾಗಿ ನಿಲ್ಲುತ್ತಲೇ ಇರಬಹುದು. ಬದಲಿಗೆ ಅದೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚಿನ ವೋಲ್ಟ್, 105 ಡಿಗ್ರಿಯದು, ಇಎಸ್‌ಆರ್ ಕಡಿಮೆ ಇರೋದು ಹಾಕಿ.

ಇಲ್ಲಿ ಚೌಕಾಸಿ ಇಲ್ಲ

ಫ್ಯೂಸ್ ಬದಲು ತಾಮ್ರದ ತಂತಿ, ಫ್ಯೂಸಿಬಲ್ ರೆಸಿಸ್ಟರ್ ಬದಲು ಸಾಮಾನ್ಯ ರೆಸಿಸ್ಟರ್ ಹಾಕಬೇಡಿ. ತೊಂದರೆ ಬಂದಾಗ ಸುರಕ್ಷಿತವಾಗಿ ಕಡಿದುಕೊಳ್ಳೋದೇ ಅವುಗಳ ಕೆಲಸ. ಮೇನ್ಸ್‌ಗೆ ಅಡ್ಡಲಾಗಿ ಎಕ್ಸ್2 ಕೆಪ್ಯಾಸಿಟರೇ ಬೇಕು. ಪ್ರೈಮರಿ-ಸೆಕೆಂಡರಿ ನಡುವೆ ಮೂಲದಲ್ಲಿದ್ದ ದರ್ಜೆಯ ವೈ ಕೆಪ್ಯಾಸಿಟರೇ ಆಗಬೇಕು. ಅಲ್ಲಿ ಮಾಮೂಲಿ ಸೆರಾಮಿಕ್ ಹಾಕಿ ಅದು ಶಾರ್ಟ್ ಆದರೆ ಆಂಟೆನಾ ಸಾಕೆಟ್‌ಗೂ ಕರೆಂಟ್ ಬರಬಹುದು. ಕೇಬಲ್ ಚುಚ್ಚಲು ಹೋಗೋ ಅಮ್ಮನೋ ತಮ್ಮನೋ ಅದನ್ನು ಮುಟ್ಟುತ್ತಾರೆ.

ಆನ್ ಮಾಡುವಾಗ

ಡಿಗಾಸಿಂಗ್ ಕಾಯಿಲ್‌ನ ಪ್ಲಗ್ ತೆಗೆದು, ಮೇನ್ಸ್‌ಗೆ ಸರಣಿಯಲ್ಲಿ 100 ವ್ಯಾಟ್‌ನ ಹಳೇ ಫಿಲಮೆಂಟ್ ಬಲ್ಬ್ ಹಾಕಿ. ಒಮ್ಮೆ ಮಿನುಗಿ ಮಂಕಾದರೆ ಒಳ್ಳೇ ಲಕ್ಷಣ. ಪೂರ್ತಿ ಬೆಳಗುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ಆಫ್ ಮಾಡಿ ಮತ್ತೆ ಹುಡುಕಿ. ಎಲ್ಲ ಸರಿಯಿದ್ದರೆ ಬಲ್ಬ್ ತೆಗೆದು, ಬಿ ಪ್ಲಸ್ ವೋಲ್ಟೇಜ್ ಸರ್ಕ್ಯೂಟ್ ಡಯಾಗ್ರಾಂ ಹೇಳಿದಷ್ಟೇ ಇದೆಯಾ ಅಂತ ಅಳೆಯಿರಿ.

ಮುಚ್ಚೋ ಮೊದಲು ಹಳೇ ನಂಬರ್, ಹೊಸ ನಂಬರ್, ತಾರೀಕು ಬರೆದ ಚೀಟಿಯೊಂದನ್ನು ಹಿಂದಿನ ಕವರ್ ಒಳಗೆ ಅಂಟಿಸಿ. ಮುಂದಿನ ಸಲ ಬಿಚ್ಚೋರು ನೀವೇ ಆಗಿರಬಹುದು.