ಗಾಳಿಕುಂಚದ ಮೊದಲ ಪಾಠ

ಕುಂಚವು ವಸ್ತುವನ್ನು ಮುಟ್ಟದೆಯೇ ಅದಕ್ಕೆ ಬಣ್ಣ ಹಾಕುವ ಉಪಾಯವೊಂದುಂಟೆಂಬುದು, ಚಿತ್ರಕಲೆಯ ತರಗತಿಯಲ್ಲಿ ನಾವು ಕುಳಿತಿದ್ದ ದಿನಗಳಲ್ಲಿ ನಮಗೆ ತಿಳಿದಿರಲಿಲ್ಲ. ಅದನ್ನು ಕಲಿಯುವ ಪ್ರಸಂಗವು ಬಹಳ ತಡವಾಗಿ ಒದಗಿತು. ಮನೆಯಲ್ಲಿ ಕುಳಿತು ಚಿಕ್ಕ ಮಾದರಿಗಳನ್ನು ಮಾಡಬಯಸುವ ಹಳೆಯ ವಿದ್ಯಾರ್ಥಿನಿಯರಿಗೂ, ಮಕ್ಕಳಿಂದ ಮಾಡಿಸಬಯಸುವ ತಂದೆತಾಯಿಗಳಿಗೂ ನಮ್ಮ ಅನುಭವವು ಪ್ರಯೋಜನಕ್ಕೆ ಬಂದೀತೆಂದು ಇದನ್ನು ಬರೆದಿದ್ದೇವೆ.

ದೂಧಗಂಗಾ ವೇದಗಂಗಾ ನದಿಗಳು ಕೂಡುವ ಸ್ಥಳಕ್ಕೆ ಸಮೀಪವಾದ ಭೋಜ ಗ್ರಾಮದಲ್ಲಿ ನಮ್ಮ ತವರುಮನೆ ಇದ್ದಿತು. ಮಳೆಗಾಲದಲ್ಲಿ ಕಾರದಗಾ-ಭೋಜ ಸೇತುವೆಯು ಮುಳುಗುವುದು ಅಲ್ಲಿಯವರಿಗೆ ಹೊಸ ಮಾತಲ್ಲ. ಆದರೆ 2019 ನೆಯ ಇಸವಿಯ ಆಗಸ್ಟ್ ತಿಂಗಳ ಮಹಾಪೂರದಲ್ಲಿ ಆ ಮನೆಯ ಮಣ್ಣಿನ ಗೋಡೆಗಳು ನೆನೆದು ಕುಸಿದುಹೋದವು. ವಯೋವೃದ್ಧರಾದ ನಮ್ಮ ತಾಯಿಯವರಿಗೆ ಅದನ್ನು ಇನ್ನೊಮ್ಮೆ ತೋರಿಸಬೇಕೆಂಬ ಆಸೆಯಿಂದ, ಉಳಿದ ಪಾಯದ ಅಳತೆಗಳನ್ನೂ ಎರಡು ಹಳೆಯ ಫೋಟೋಗಳನ್ನೂ ಆಧಾರವಾಗಿಟ್ಟುಕೊಂಡು, ನಿಜದ 48 ರಲ್ಲಿ ಒಂದು ಪಾಲಿನ ಪ್ರಮಾಣದಲ್ಲಿ ಒಂದು ಮಾದರಿಯನ್ನು ಕಟ್ಟಿದೆವು. 30 ಅಡಿಯ ಮನೆಯು 7½ ಅಂಗುಲವಾಯಿತು. ಗೋಡೆಗೆ ರಟ್ಟು, ಮಾಡಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆ.

ತೊಡಕು ಬಂದುದು ಮಾಡಿನಲ್ಲಿಯೇ. ಮನೆಗೆ ಮಂಗಳೂರು ಹಂಚನ್ನು ಹೊದಿಸಿದ್ದರು. 1865 ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ ಸಾಹೇಬರು ಮಂಗಳೂರಿನಲ್ಲಿ ಕಾರ್ಖಾನೆಯನ್ನು ತೆರೆದಂದಿನಿಂದ ಪ್ರಸಿದ್ಧವಾದ ಹಂಚು ಇದೇ. ಅದರ ಉದ್ದ ಸುಮಾರು 41 ಸೆಂಟಿಮೀಟರು. ನಮ್ಮ ಮಾದರಿಯಲ್ಲಿ ಎಂಟೂವರೆ ಮಿಲಿಮೀಟರು. ಅರ್ಧ ಅಂಗುಲ ಆಳದ ಕಾಲುವೆಯು ಇಲ್ಲಿ ಕಾಲು ಮಿಲಿಮೀಟರಿಗೆ ಇಳಿಯುತ್ತದೆ. ಕುಂಚದಿಂದ ಬಳಿದ ಬಣ್ಣವು ಮಿಲಿಮೀಟರಿನ ಹತ್ತರಲ್ಲೊಂದು ಪಾಲು ದಪ್ಪವಾದರೂ, ನಿಜವಾದ ಮನೆಯ ಮೇಲೆ ಸುಮಾರು ಅರ್ಧ ಸೆಂಟಿಮೀಟರು ದಪ್ಪದ ಗಾರೆಯನ್ನು ಮೆತ್ತಿದಂತಾಗುವುದು! ಮಾದರಿಯು ಚಿಕ್ಕದಾದಂತೆ ಬಣ್ಣವು ತಾನಾಗಿ ತೆಳುವಾಗುವುದಿಲ್ಲ. ನಾವೇ ಅದನ್ನು ತೆಳುವಾಗಿಸಬೇಕು. ಏರ್‌ಬ್ರಷ್ ಎಂಬ ಗಾಳಿಕುಂಚವು ಬೇಕಾಗುವುದು ಇದಕ್ಕಾಗಿಯೇ.

ಅಮೇರಿಕೆಯ ಅಬ್ನರ್ ಪೀಲರ್ ಎಂಬಾತನು 1879 ರಲ್ಲಿ ಇಂತಹ ಉಪಕರಣವೊಂದನ್ನು ಮಾಡಿದನು. ನಿಪ್ಪಾಣಿಯ ಸೀಮೆಯ ಹೊಗೆಸೊಪ್ಪಿನ ಹೊಲಗಳಲ್ಲಿ ಬೆನ್ನಿಗೆ ಕಟ್ಟಿಕೊಂಡು ಔಷಧವನ್ನು ಹೊಡೆಯುವ ಪಂಪನ್ನು ನೋಡಿದವರು ಇದೂ ಅದೇ ಎಂದು ತಿಳಿಯಬಾರದು. ಅಲ್ಲಿ ನೀರನ್ನೇ ಒತ್ತಿ ಹೊರಗಟ್ಟುತ್ತಾರೆ. ಇಲ್ಲಿ ರಭಸದಿಂದ ಹಾಯುವ ಗಾಳಿಯು ಬಣ್ಣವನ್ನು ಸೆಳೆದು ಹನಿಹನಿಯಾಗಿ ಒಡೆಯುತ್ತದೆ. ಹಿಂದೆ ಮನೆಗಳಲ್ಲಿದ್ದ ಸೊಳ್ಳೆಯ ಔಷಧದ ಕೈಪಂಪು ಇದಕ್ಕೆ ಹತ್ತಿರದ ಬಂಧು.

ಗುಂಡಿಯನ್ನು ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಸೂಜಿಯು ಸರಿದು ಬಣ್ಣ. ಮೊದಲು ಗಾಳಿ, ಆಮೇಲೆ ಬಣ್ಣ. ನಿಲ್ಲಿಸುವಾಗ ಮೊದಲು ಬಣ್ಣ, ಕಡೆಗೆ ಗಾಳಿ. ಈ ಕ್ರಮವು ತಪ್ಪಿದರೆ ಮೂತಿಯಲ್ಲಿ ನಿಂತ ಹನಿಯು ಮಾದರಿಯ ಮೇಲೆ ಸಿಡಿಯುವುದು. ಬಣ್ಣವು ಹಾಲಿನಷ್ಟು ತೆಳುವಾಗಿರಬೇಕು. ಹತ್ತಿರ ಹಿಡಿದರೆ ಬಣ್ಣವು ಜೇಡನ ಕಾಲುಗಳಂತೆ ಹರಿದಾಡುವುದು. ಬಹು ದೂರ ಹಿಡಿದರೆ ದಾರಿಯಲ್ಲಿಯೇ ಒಣಗಿ ಧೂಳಿನಂತೆ ಕೂರುವುದು. ನಮಗೆ ಎರಡು ಮೂರು ಅಂಗುಲಗಳ ಅಂತರವು ಒಗ್ಗಿತು. ಕಿಟಕಿಯನ್ನು ತೆರೆದಿಡಬೇಕು, ಮುಖಕ್ಕೆ ಮಾಸ್ಕ್ ಇರಬೇಕು.

ಇದೆಲ್ಲವನ್ನೂ ಓದಿಕೊಂಡಿದ್ದೆವು. ಆದರೂ ಹಳೆಯ ರಟ್ಟಿನ ಮೇಲೆ ಕೈ ಪಳಗಿಸದೆ ನೇರವಾಗಿ ಮಾಡಿಗೇ ಕೈಯಿಟ್ಟೆವು! ಒಂದೇ ಸಲಕ್ಕೆ ಕೆಂಪು ತುಂಬಿ ಬರಲೆಂಬ ಆತುರದಿಂದ ಒಂದೆಡೆ ಕೈಯನ್ನು ನಿಲ್ಲಿಸಿದೆವು. ಬಣ್ಣವು ಮಡುಗಟ್ಟಿ, ಹದಿನೈದು ದಿನಗಳ ಕಾಲ ಕೊರೆದ ಕಾಲುವೆಗಳು ಮುಚ್ಚಿಹೋದವು. ಸ್ಪಿರಿಟ್ಟಿನಿಂದ ಒರೆಸಿ ಒರೆಸಿ ಬಹುಭಾಗವನ್ನು ಉಳಿಸಿಕೊಂಡೆವು. ಎರಡು ಸಾಲುಗಳು ಮಾತ್ರ ಹಾಗೆಯೇ ಉಳಿದವು. ಆ ಮೇಲೆ, ಬಣ್ಣ ಹಿಡಿಯಲೆಂದು ಬೂದುಬಣ್ಣದ ಅಸ್ತರಿಯನ್ನು ಮೊದಲು ಹಾಕಿ, ಕೈಯನ್ನು ಮಾಡಿನ ಆಚೆಯಿಂದ ಈಚೆಗೆ ನಿಲ್ಲಿಸದೆ ಸಾಗಿಸುತ್ತ, ಒಂದು ಒಣಗಿದ ಬಳಿಕ ಇನ್ನೊಂದರಂತೆ ಐದು ಸಲ ಹಾಕಿದೆವು. ಮೊದಲನೆಯ ಸಲ ಏನೂ ಆಗಿಲ್ಲವೆಂದೇ ತೋರುವುದು. ಹಾಗೆ ತೋರಿದರೆ ಕೆಲಸ ಸರಿಯಾಗಿದೆಯೆಂದು ತಿಳಿಯಬೇಕು. ಗೋಡೆಯ ಬುಡದ ಹುರಮಂಜಿನ ಪಟ್ಟಿಯನ್ನು ಅಂಟುಪಟ್ಟಿಯ ಆಸರೆಯಿಂದ ಬಿಡಿಸಿದೆವು. ಅದು ಸುಲಭ. ಪ್ರತಿ ದಿನವೂ ಸೂಜಿಯನ್ನು ತೆಗೆದು ತೊಳೆಯುವುದು ಬೇಸರದ ಕೆಲಸ. ಆದರೆ ಒಂದು ರಾತ್ರಿ ಬಿಟ್ಟರೆ ಮರುದಿನ ಮೂತಿಯು ಕಟ್ಟಿಕೊಳ್ಳುವುದು.

ತಾಯಿಯವರು ಮಾದರಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹಿಂಭಾಗಕ್ಕೆ ಬೆರಳು ತೋರಿಸಿ, “ಅಡಿಗಿಮನಿ ಮ್ಯಾಲಿನ ಹಂಚು ಇಷ್ಟ ಕೆಂಪ ಇದ್ದಿಲ್ಲವಾ, ಹೊಗಿಗೆ ಕರ್ರಗಾಗಿದ್ದುವು” ಎಂದರು. ಅಂದೇ ಸಂಜೆ ಕಪ್ಪನ್ನು ಇನ್ನೂ ತೆಳುವಾಗಿ ಕಲಸಿ, ಒಲೆ ಇದ್ದ ಜಾಗದ ಮೇಲೆ ಮಂಜಿನಂತೆ ಹಾಯಿಸಿದೆವು. ಎಲ್ಲಿ ಮೊದಲಾಗಿ ಎಲ್ಲಿ ಮುಗಿಯಿತೆಂದು ಗೆರೆ ಕಾಣದಂತೆ ಅದು ಕೆಂಪಿನಲ್ಲಿ ಬೆರೆತಿತು. ಕುಂಚದಿಂದ ಅದು ನಮ್ಮ ಕೈಗೆ ಎಂದಿಗೂ ಬರುತ್ತಿರಲಿಲ್ಲ. ಮುಚ್ಚಿಹೋದ ಆ ಎರಡು ಸಾಲುಗಳನ್ನು ಅವರು ಕಂಡರೋ ಇಲ್ಲವೋ, ನಾವು ಕೇಳಲಿಲ್ಲ.