ಭತ್ತದ ಹುಲ್ಲು ಸುಡಬೇಡಿರಿ



ತುಂಗಭದ್ರೆಯ ನೀರಿನಲ್ಲಿ ಭತ್ತ ಬೆಳೆಯುವ ಚೀಕಲಪರ್ವಿ ಸುತ್ತಿನವರು ಒಂದು ಲೆಕ್ಕ ತಿಳಿಯಬೇಕು. ಒಂದು ಟನ್ ಹುಲ್ಲಿನಲ್ಲಿ ಸುಮಾರು 5 ಕಿಲೋ ಸಾರಜನಕವಿದೆ. ಗದ್ದೆಗೆ ಬೆಂಕಿಯಿಟ್ಟರೆ ಅದರ ಬಹುಭಾಗ ಹೊಗೆಯ ಪಾಲು.

ಆ ಹೊಗೆ ಮಕ್ಕಳು, ಮುದುಕರ ಉಸಿರು ಕಟ್ಟಿಸುತ್ತದೆ. ಅದರಲ್ಲಿನ ನೈಟ್ರಸ್ ಆಕ್ಸೈಡ್ ಎಂಬ ಅನಿಲ ಮೇಲೇರಿ, ಬಿಸಿಲಿನ ಕೇಡಿನ ಕಿರಣಗಳನ್ನು ತಡೆಯುವ ಓಜೋನ್ ಪದರವನ್ನು ಸವೆಸುತ್ತದೆ. ಮಿತಿಮೀರಿ ಹಾಕಿದ ಯೂರಿಯಾದಿಂದಲೂ ಇದೇ ಅನಿಲ ಹುಟ್ಟುತ್ತದೆ. 1987ರ ಮಾಂಟ್ರಿಯಲ್ ಒಪ್ಪಂದವು ಫ್ರಿಜ್ಜಿನ ಅನಿಲಗಳಿಗೆ ಕಡಿವಾಣ ಹಾಕಿತು. ಈ ಅನಿಲ ಅದರೊಳಗೆ ಬರಲಿಲ್ಲ. ಇದನ್ನು ತಡೆಯುವ ಕೆಲಸ ನಮ್ಮ ಹೊಲದ್ದು.

ಆದ್ದರಿಂದ ಹುಲ್ಲನ್ನು ಬಣವೆ ಒಟ್ಟಿ ದನಗಳಿಗೆ ಹಾಕಿರಿ. ಉಳಿದುದನ್ನು ಸಗಣಿಯೊಡನೆ ಗುಂಡಿಯಲ್ಲಿ ಕೊಳೆಸಿ ಗೊಬ್ಬರ ಮಾಡಿರಿ. ಮಣ್ಣು ಪರೀಕ್ಷೆ ಮಾಡಿಸಿ, ಯೂರಿಯಾವನ್ನು ಕಂತುಕಂತಾಗಿ ಕೊಡಿರಿ.