ಅರ್ಬುದ ರೋಗವೂ ದೇಹದ ದುರಸ್ತಿ ಕಾರ್ಯವೂ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಮಾಡಿನ ಹೆಂಚುಗಳನ್ನು ಕೈಯಾಡಿಸುವ ಪದ್ಧತಿಯುಂಟು. ಆ ಕೆಲಸವು ತಪ್ಪಿದರೆ ಒಂದು ಮನೆಯಲ್ಲಿ ಅಡಿಗೆಮನೆಯೂ ಇನ್ನೊಂದರಲ್ಲಿ ಪಡಸಾಲೆಯೂ ಸೋರುವುದು. ಕಾರಣವು ಮಾತ್ರ ಒಂದೇ. ಕ್ಯಾನ್ಸರ್ ಎಂದು ಕರೆಯುವ ಅರ್ಬುದ ರೋಗದಲ್ಲಿಯೂ ಇಂತಹುದೇ ಒಂದು ಸತ್ಯವಿರುವುದರಿಂದ, ಅದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ತಿಳಿಸಬಯಸುತ್ತೇವೆ.

ನಮ್ಮ ಜೀವಕೋಶಗಳಲ್ಲಿ ಡಿ.ಎನ್.ಎ. ಎಂಬ ನೂಲಿನಂತಹ ವಸ್ತುವಿದೆ. ಕೋಶವು ಹೇಗೆ ಬೆಳೆಯಬೇಕು, ಯಾವಾಗ ನಿಲ್ಲಬೇಕು ಎಂಬ ಆಜ್ಞೆಗಳು ಅದರಲ್ಲಿ ಬರೆಯಲ್ಪಟ್ಟಿವೆ. ಬಿಸಿಲು, ಹೊಗೆ, ಕೋಶದೊಳಗಿನ ನೀರು ಸಹ ಈ ಬರಹವನ್ನು ದಿನದಿನವೂ ಕೆಡಿಸುತ್ತವೆ. ಆದರೆ ಅದನ್ನು ತಿದ್ದತಕ್ಕ ಸಾಧನಗಳನ್ನೂ ಸೃಷ್ಟಿಕರ್ತನು ಒಳಗೇ ಇರಿಸಿದ್ದಾನೆ. ಇವು ಕೆಲಸಮಾಡುವ ಬಗೆಯನ್ನು ತೋರಿಸಿದ ಲಿಂಡಾಲ್, ಮಾಡ್ರಿಚ್, ಸಂಜಾರ್ ಎಂಬ ಮೂವರಿಗೆ 2015ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು.

ತಿದ್ದುವ ಸಾಧನವೇ ಹುಟ್ಟಿನಿಂದ ಕುಂದುಳ್ಳದ್ದಾದರೆ ತಪ್ಪುಗಳು ಸೇರುತ್ತ ಹೋಗಿ ಅರ್ಬುದಕ್ಕೆ ಎಡೆಯಾಗುತ್ತದೆ. ತುಂಡಾದ ಎಳೆಯನ್ನು ಜೋಡಿಸುವ ಬಿ.ಆರ್.ಸಿ.ಎ. ಎಂಬ ಎರಡು ಜೀನುಗಳು 1994 ಮತ್ತು 1995ರಲ್ಲಿ ಗುರುತಿಸಲ್ಪಟ್ಟವು. ಇವುಗಳಲ್ಲಿ ಒಂದು ಕೆಟ್ಟಿದ್ದರೂ ಸ್ತ್ರೀಯರಿಗೆ ಸ್ತನ ಮತ್ತು ಅಂಡಾಶಯದ, ಪುರುಷರಿಗೆ ಪ್ರಾಸ್ಟೇಟ್ ಗ್ರಂಥಿಯ, ಇಬ್ಬರಿಗೂ ಮೇದೋಜೀರಕ ಗ್ರಂಥಿಯ ಅರ್ಬುದದ ಭಯವು ಹೆಚ್ಚುತ್ತದೆ. ನಕಲಿನ ತಪ್ಪುಗಳನ್ನು ತಿದ್ದುವ ಬೇರೆ ಜೀನುಗಳು ಕೆಟ್ಟರೆ ದೊಡ್ಡ ಕರುಳಿಗೂ ಗರ್ಭಕೋಶಕ್ಕೂ ರೋಗವು ತಗಲಬಹುದು. ದೊಡ್ಡಮ್ಮನ ಅಂಡಾಶಯದ ರೋಗಕ್ಕೂ ಸೋದರಮಾವನ ಮೇದೋಜೀರಕದ ರೋಗಕ್ಕೂ ಒಂದೇ ಮೂಲವಿರಬಹುದೆಂಬುದು ಇದರಿಂದ ತಿಳಿಯುತ್ತದೆ. ಇಂತಹ ಕುಂದು ತಾಯಿಯಿಂದಲೂ ತಂದೆಯಿಂದಲೂ ಬರಬಹುದು; ಪ್ರತಿ ಮಗುವಿಗೂ ಅರ್ಧಪಾಲು ಸಂಭವವುಂಟು. ಆದರೆ ಅರ್ಬುದಗಳಲ್ಲಿ 100ಕ್ಕೆ 5ರಿಂದ 10 ಮಾತ್ರ ಹೀಗೆ ವಂಶದಿಂದ ಬರತಕ್ಕವು.

ಉಳಿದವುಗಳಲ್ಲಿ ಅನೇಕಕ್ಕೆ ನಮ್ಮ ಅಭ್ಯಾಸಗಳೇ ಕಾರಣ. ನಮ್ಮ ಮೂರು ತಾಲ್ಲೂಕುಗಳ ಎಷ್ಟೋ ಮನೆಗಳಿಗೆ ಅನ್ನವಿಕ್ಕಿ ಹೆಣ್ಣುಮಕ್ಕಳನ್ನು ಓದಿಸಿದುದು ಅಡಿಕೆಯೇ. ಆದರೂ ನಿಜವನ್ನು ಮರೆಮಾಡಲಾಗದು. ಹೊಗೆಸೊಪ್ಪಿಲ್ಲದೆ ಬರಿಯ ಅಡಿಕೆಯನ್ನು ಅಗಿಯುವುದು ಸಹ ಅರ್ಬುದಕಾರಕವೆಂದು ಅಂತರರಾಷ್ಟ್ರೀಯ ಅರ್ಬುದ ಸಂಶೋಧನ ಸಂಸ್ಥೆಯು 2004ರಲ್ಲಿ ಪ್ರಕಟಿಸಿತು. ಅದು ಬಾಯಿಯ ಕೋಶಗಳ ಡಿ.ಎನ್.ಎ.ಯನ್ನು ಕೆಡಿಸುತ್ತದೆ. ಹೊಗೆಸೊಪ್ಪು ಸೇರಿದರೆ ಅಪಾಯವು ಇನ್ನೂ ಹೆಚ್ಚು. ಮೂರು ವಾರವಾದರೂ ಮಾಯದ ಬಾಯಿಹುಣ್ಣನ್ನೂ ಬರಬರುತ್ತ ಬಾಯಿ ತೆರೆಯಲಾಗದಿರುವುದನ್ನೂ ವೈದ್ಯರಿಗೆ ತೋರಿಸತಕ್ಕದ್ದು.

ಮಗಳಿಗೆ ಸಂಬಂಧ ಕೂಡಿಬರಲಾರದೆಂಬ ಭಯದಿಂದ ಮನೆಯ ಹಿರಿಯರ ರೋಗದ ಹೆಸರನ್ನು ಮುಚ್ಚಿಡುವುದುಂಟು. ಆ ಮೌನವೇ ಮಗಳಿಗೆ ಕೇಡಾದೀತು. ಯಾರಿಗೆ, ಯಾವ ಅಂಗದಲ್ಲಿ, ಯಾವ ವಯಸ್ಸಿನಲ್ಲಿ ರೋಗ ಬಂದಿತೆಂದು ತಿಳಿದರೆ ವೈದ್ಯರು ರಕ್ತಪರೀಕ್ಷೆಯಿಂದ ಕುಂದನ್ನು ಕಂಡುಹಿಡಿದು ಮೊದಲೇ ಕಾಪಾಡಬಲ್ಲರು. 2014ರಿಂದೀಚೆಗೆ ಇದೇ ಕುಂದನ್ನು ಹಿಡಿದು ಗೆಡ್ಡೆಯ ಕೋಶಗಳನ್ನು ಕೊಲ್ಲುವ ಒಲಾಪರಿಬ್ ಎಂಬ ಔಷಧವೂ ಬಳಕೆಗೆ ಬಂದಿದೆ. 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು ಅರ್ಬುದದ ಚಿಕಿತ್ಸೆಗೆಂದೇ ಇರತಕ್ಕದ್ದು.

ಆದುದರಿಂದ ತಾಯಂದಿರೇ, ಒಡವೆಯ ಪಟ್ಟಿಯೊಡನೆ ಮನೆತನದ ರೋಗಗಳ ಪಟ್ಟಿಯನ್ನೂ ನಿಮ್ಮ ಹೆಣ್ಣುಮಕ್ಕಳ ಕೈಯಲ್ಲಿಡಿರಿ. ಹೆಂಚು ಒಡೆದಿರುವುದು ಮಳೆಗೆ ಮುಂಚೆಯೇ ತಿಳಿಯುವುದು ಮೇಲು.